ಬಿಸಿನೆಸ್ ಪತ್ರಕರ್ತ ಆಗ್ಬೇಕಾ? ಸಂಬಳಕ್ಕಿಂತ ಮೊದಲು ಓದುಗ ಯಾರು ಅಂತ ನೋಡಿ

ಅಕ್ಕನ ಮಗಳು ದಾವಣಗೆರೆಯಲ್ಲಿ ಬಿ.ಕಾಂ ಮುಗಿಸಿ, ಬೆಂಗಳೂರಿಗೆ ಬಂದು ಪತ್ರಿಕೋದ್ಯಮದಲ್ಲಿ ಎಂ.ಎ ಮಾಡಿದಳು. ಒಂದು ಭಾನುವಾರ ಅಪ್ಪನ ಜೊತೆ ಮನೆಗೆ ಬಂದವಳು ಮೊಬೈಲ್ ನನ್ನ ಮುಂದೆ ಹಿಡಿದಳು. ಮೂರು ಆಫರ್ ಲೆಟರ್. ಒಂದು ಕನ್ನಡ ದಿನಪತ್ರಿಕೆಯ ವಾಣಿಜ್ಯ ಪುಟದ್ದು. ಇನ್ನೊಂದು ಬೇರೆ ಮಾಧ್ಯಮಗಳಿಗೆ, ಷೇರು ವ್ಯವಹಾರದವರಿಗೆ ಸುದ್ದಿ ಒದಗಿಸುವ ಸುದ್ದಿಸಂಸ್ಥೆಯದ್ದು, ರಾತ್ರಿ ಪಾಳಿ. ಮೂರನೆಯದು ಸ್ಟಾರ್ಟಪ್ ಸುದ್ದಿಯ ವೆಬ್‌ಸೈಟಿನದ್ದು.

"ಯಾವುದಕ್ಕೆ ಹೋಗ್ಲಿ ಮಾವ?"

ನಾನು ಬಾಯಿ ತೆರೆಯುವ ಮೊದಲೇ ಭಾವ, "ಅದರಲ್ಲಿ ಯೋಚನೆ ಮಾಡೋದೇನಿದೆ, ಸಂಬಳ ಯಾವುದರಲ್ಲಿ ಜಾಸ್ತಿಯೋ ಅದಕ್ಕೆ" ಅಂದುಬಿಟ್ಟರು.

ಭಾವ ಹೇಳಿದ್ದು ಪೂರ್ತಿ ತಪ್ಪಲ್ಲ. ಪೇಪರಿನಲ್ಲಿ ಹೆಸರು ಬರುತ್ತೆ ಅಂತ ಬೆಂಗಳೂರಿನ ಯಾವ ಓನರೂ ಬಾಡಿಗೆ ಇಳಿಸುವುದಿಲ್ಲ. ಆದರೆ ನಾನು ಈ ಮೂರರಲ್ಲಿ ಎರಡು ಕಡೆ ದುಡಿದಿದ್ದೇನೆ. ಮೂರನೆಯದರಲ್ಲಿ ದುಡಿದ ಗೆಳೆಯರ ಗೋಳು ಕೇಳಿದ್ದೇನೆ. ಬಿಸಿನೆಸ್ ಪತ್ರಕರ್ತ ಅಂತ ಹೆಸರು ಒಂದೇ ಇದ್ದರೂ ಇವು ಬೇರೆ ಬೇರೆ ಕೆಲಸಗಳು. ಯಾವುದು ನಿಮಗೆ ಸರಿ ಅಂತ ತಿಳಿಯಬೇಕಾದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ನಾನು ಬರೆದದ್ದನ್ನು ಓದಿ ಯಾರು ಜೇಬಿಗೆ ಕೈ ಹಾಕುತ್ತಾರೆ? ನಾನು ತಪ್ಪು ಬರೆದರೆ ಯಾರ ದುಡ್ಡು ಹೋಗುತ್ತದೆ?

ಒಂದೇ ಸುದ್ದಿ, ನಾಲ್ಕು ಮೇಜು

2025ರ ಜೂನ್ 6, ಶುಕ್ರವಾರ. ಬೆಳಿಗ್ಗೆ 10 ಗಂಟೆಗೆ ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಹಣಕಾಸು ನೀತಿ ಓದಲು ಶುರು ಮಾಡಿದರು. ಬಡ್ಡಿ ದರ 25 ಮೂಲಾಂಶ (100 ಮೂಲಾಂಶ ಅಂದರೆ ಶೇ 1) ಇಳಿಸ್ತಾರೆ ಅಂತ ಹೆಚ್ಚಿನವರ ಲೆಕ್ಕ ಇತ್ತು. ಇಳಿಸಿದ್ದು 50. ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಅಂದರೆ ರೆಪೊ ದರ, ಶೇ 6ರಿಂದ ಶೇ 5.50ಕ್ಕೆ ಬಂತು. ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಾದ ನಗದು ಮೀಸಲನ್ನೂ ಶೇ 4ರಿಂದ ಶೇ 3ಕ್ಕೆ, ನಾಲ್ಕು ಕಂತಿನಲ್ಲಿ, ಇಳಿಸುವುದಾಗಿ ಹೇಳಿದರು. ಇಷ್ಟು ಮಾಡಿ, ನೀತಿಯ ನಿಲುವನ್ನು ಮಾತ್ರ 'ಹೊಂದಾಣಿಕೆ'ಯಿಂದ (ದರ ಇನ್ನೂ ಇಳಿಸುವ ಒಲವು) 'ತಟಸ್ಥ'ಕ್ಕೆ (ಏರಿಸಲೂ ಇಳಿಸಲೂ ಮುಕ್ತ) ತಂದರು.

ಸುದ್ದಿಸಂಸ್ಥೆಯ ಮೇಜಿನಲ್ಲಿ ಇದು ಸೆಕೆಂಡುಗಳ ಆಟ. ಗವರ್ನರ್ ಬಾಯಿಂದ ಅಂಕಿ ಬಿದ್ದ ಕೂಡಲೇ ಒಂದು ಸಾಲಿನ ಫ್ಲ್ಯಾಶ್ ಹೋಗಬೇಕು. ಅದನ್ನು ಓದುವವನು ಮುಂಬೈಯ ಬಾಂಡ್ ಡೀಲರ್. ಎಷ್ಟೋ ಸಲ ಓದುವುದು ಮನುಷ್ಯನೂ ಅಲ್ಲ, ಷೇರು ಕೊಳ್ಳುವ ಕಂಪ್ಯೂಟರ್ ಪ್ರೋಗ್ರಾಂ.

ವೆಬ್‌ಸೈಟಿನಲ್ಲಿ ಹತ್ತು ನಿಮಿಷದೊಳಗೆ 'ನಿಮ್ಮ ಇಎಂಐ ಎಷ್ಟು ಇಳಿಯುತ್ತೆ?' ಬರಬೇಕು. ಇಂಥ ಸುದ್ದಿಯನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳುವುದು ರೂಢಿ. 25ಕ್ಕೆ ಲೆಕ್ಕ ಹಾಕಿಟ್ಟವರು ಆವತ್ತು ಮತ್ತೆ ಕ್ಯಾಲ್ಕುಲೇಟರ್ ಹುಡುಕಿರಬೇಕು, ಪಾಪ.

ಇಂಗ್ಲಿಷ್ ಬಿಸಿನೆಸ್ ಪತ್ರಿಕೆಯವರಿಗೆ ಮಾರನೇ ದಿನದ ಪ್ರಶ್ನೆ ಬೇರೆ. ಅಷ್ಟೊಂದು ಇಳಿಸಿ ನಿಲುವನ್ನು ಯಾಕೆ ತಟಸ್ಥ ಮಾಡಿದರು? ಮುಂದೆ ಇಳಿಸಲು ಜಾಗ ಇಲ್ಲ ಅಂತಲಾ? ಬ್ಯಾಂಕುಗಳ ಬಡ್ಡಿ ಲಾಭ ಎಷ್ಟು ಕುಗ್ಗುತ್ತದೆ?

ನಾನು ಆವತ್ತು ಇದ್ದದ್ದು ಕನ್ನಡ ಪತ್ರಿಕೆಯಲ್ಲಿ. ಮಧ್ಯಾಹ್ನದ ಮೀಟಿಂಗ್‌ನಲ್ಲಿ ಸುದ್ದಿ ಸಂಪಾದಕರು, "ಮೂಲಾಂಶ ಆಮೇಲೆ, ರಿಟೈರ್ಡ್ ಮೇಷ್ಟ್ರಿಗೆ ಏನಾಯ್ತು ಅದು ಹೇಳ್ರಿ" ಅಂದರು. ಲೆಕ್ಕ ಹಾಕಿದೆವು. 25 ಲಕ್ಷ ರೂಪಾಯಿಯ ಮನೆ ಸಾಲ, 20 ವರ್ಷ, ಬಡ್ಡಿ ಶೇ 8.5ರಿಂದ ಶೇ 8ಕ್ಕೆ ಇಳಿದರೆ ತಿಂಗಳ ಕಂತು 21,696ರಿಂದ 20,911ಕ್ಕೆ ಬರುತ್ತದೆ. ಉಳಿಯುವುದು 785 ರೂಪಾಯಿ. ಅದೇ 10 ಲಕ್ಷ ಠೇವಣಿ ಇಟ್ಟು ಬಡ್ಡಿಯಲ್ಲೇ ಸಂಸಾರ ಸಾಗಿಸುವ ಮೇಷ್ಟ್ರಿಗೆ, ಬ್ಯಾಂಕು ಅರ್ಧ ಪರ್ಸೆಂಟ್ ಕಡಿಮೆ ಮಾಡಿದರೆ, ವರ್ಷಕ್ಕೆ 5,000 ಖೋತಾ. 'ಸಾಲ ಅಗ್ಗ' ಅಂತ ತಲೆಬರಹ ಕೊಡೋಣವೋ, 'ಠೇವಣಿಗೂ ಕತ್ತರಿ' ಅನ್ನೋಣವೋ ಅಂತ ಅರ್ಧ ಗಂಟೆ ಜಗಳ ಆಯಿತು. ಕೊನೆಗೆ ಎರಡೂ ಬಂತು, ಒಂದು ದಪ್ಪಕ್ಷರದಲ್ಲಿ, ಇನ್ನೊಂದು ಅದರ ಕೆಳಗೆ.

ನಾಲ್ಕೂ ಮೇಜಿನಲ್ಲಿ ಕೂತವರು ಬಿಸಿನೆಸ್ ಪತ್ರಕರ್ತರೇ. ನಿಮಗೆ ಇದರಲ್ಲಿ ಯಾವ ಜಗಳ ಆಡಲು ಇಷ್ಟ ಅಂತ ನೋಡಿಕೊಳ್ಳಿ.

ಕನ್ನಡ ದಿನಪತ್ರಿಕೆ: ಅಡಿಕೆಯಿಂದ ಆರ್‌ಬಿಐವರೆಗೆ

ಕೆಲಸ ಸಾಮಾನ್ಯವಾಗಿ ಮಧ್ಯಾಹ್ನ ಶುರು. ವಾಣಿಜ್ಯ ಪುಟಕ್ಕೆ ಇಬ್ಬರು, ಹೆಚ್ಚೆಂದರೆ ಮೂವರು. ಮೂರೂವರೆಗೆ ಷೇರುಪೇಟೆ ಮುಚ್ಚುತ್ತದೆ, ಸೆನ್ಸೆಕ್ಸ್ ನಿಫ್ಟಿ ಅಂಕಿ ಬರುತ್ತದೆ. ಚಿನ್ನ ಬೆಳ್ಳಿ ಧಾರಣೆ ಬರುತ್ತದೆ. ಸುದ್ದಿಸಂಸ್ಥೆ ಪಿಟಿಐನಿಂದ ಇಂಗ್ಲಿಷ್ ಕಾಪಿ ಸುರಿಯುತ್ತಿರುತ್ತದೆ, ಅದನ್ನು ಕನ್ನಡಕ್ಕೆ ತರಬೇಕು. ಜಿಲ್ಲಾ ವರದಿಗಾರರು ವಾಟ್ಸ್ಆ್ಯಪ್‌ನಲ್ಲಿ ಎಪಿಎಂಸಿ ದರ ಕಳಿಸುತ್ತಾರೆ, ಕೆಲವರು ಕೈಬರಹದ ಫೋಟೊ ತೆಗೆದು. ಏಳು ಗಂಟೆಗೆ ಜಾಹೀರಾತು ವಿಭಾಗದಿಂದ ಫೋನು ಬರುತ್ತದೆ: "ಸರ್, ಅರ್ಧ ಪುಟ ಆ್ಯಡ್ ಬಂತು." ಮಧ್ಯಾಹ್ನದಿಂದ ಕಟ್ಟಿದ ಪುಟ ಅಲ್ಲಿಗೆ ಅರ್ಧ ಆಯಿತು.

ಅನುವಾದವೇ ಕೆಲಸ ಅಂತ ಮೂಗು ಮುರಿಯುವವರು ಇದ್ದಾರೆ. ನಾನೂ ಮುರಿದವನೇ. ಮಾಡಿ ನೋಡಿದರೆ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಅರ್ಥವಾಗದೆಯೂ ಬರೆದು ದಾಟಿಸಿಬಿಡಬಹುದು, ಆ ಪದಗಳೇ ನಿಮ್ಮನ್ನು ಕಾಪಾಡುತ್ತವೆ. ಕನ್ನಡದಲ್ಲಿ ಆಗುವುದಿಲ್ಲ. 'ವಿತ್ತೀಯ ಕೊರತೆ' ಅಂತ ಬರೆದ ಮೇಲೆ ಅದು ಏನು ಅಂತ ಒಂದು ಸಾಲಿನಲ್ಲಿ ಹೇಳದಿದ್ದರೆ ಓದುಗ ಕ್ರೀಡಾ ಪುಟಕ್ಕೆ ಹೋಗುತ್ತಾನೆ. ಹೇಳಬೇಕಾದರೆ ಮೊದಲು ನಿಮಗೆ ಅರ್ಥ ಆಗಿರಬೇಕು. ನಮ್ಮ ಡೆಸ್ಕಿನಲ್ಲಿ ಒಂದು ಮಾನಿಟರಿನ ಅಂಚಿಗೆ ಹಳದಿ ಚೀಟಿ ಅಂಟಿಸಿತ್ತು: '1 ಮಿಲಿಯನ್ = 10 ಲಕ್ಷ. 1 ಬಿಲಿಯನ್ = 100 ಕೋಟಿ. ಮರೆತರೆ ಕೆಟ್ಟೆ.' ಅದರ ಅಂಟು ಹೋಗಿ ಮೂರು ಸಲ ಟೇಪ್ ಹಚ್ಚಿದ್ದೆವು.

ಇನ್ನು ಓದುಗ. ಹೊಸದರಲ್ಲಿ ನಾನು ಒಂದು ರಾತ್ರಿ ಶಿವಮೊಗ್ಗದ ಅಡಿಕೆ ಧಾರಣೆ ಟೈಪ್ ಮಾಡುವಾಗ ರಾಶಿ, ಬೆಟ್ಟೆ ಅನ್ನುವ ಎರಡು ಬಗೆಯಲ್ಲಿ ರಾಶಿಯ ದರವನ್ನು ಬೆಟ್ಟೆಯ ಸಾಲಿಗೂ ಬೆಟ್ಟೆಯದ್ದನ್ನು ರಾಶಿಯ ಸಾಲಿಗೂ ಹಾಕಿಬಿಟ್ಟೆ. ಬೆಳಿಗ್ಗೆ ಆರೂವರೆಗೆ ಆಫೀಸಿನಿಂದ ನನ್ನ ನಂಬರ್ ಪಡೆದು ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ಫೋನ್ ಮಾಡಿದರು. ಬೈಯಲಿಲ್ಲ. "ನಿಮ್ಮ ಪೇಪರ್ ನೋಡಿ ಮಂಡಿಗೆ ಮಾಲು ಕಳಿಸೋಣ ಅಂತ ಗಾಡಿ ಕರೆಸಿದ್ದೆ ಮಾರಾಯ್ರೆ. ಗಾಡಿಯವನು ಬಂದು ನಿಂತಿದ್ದಾನೆ. ದರ ಹೌದಾ ಅಲ್ವಾ ಅಷ್ಟು ಹೇಳಿ" ಅಂದರು. ಅಲ್ಲ ಅಂದೆ. ಗಾಡಿ ಬಾಡಿಗೆ ಅವರೇ ಕೊಟ್ಟಿರಬೇಕು. ಅವತ್ತಿನಿಂದ ಧಾರಣೆ ಪಟ್ಟಿಯನ್ನು ಬೆರಳಿಟ್ಟು ಓದುತ್ತೇನೆ, ಇವತ್ತಿಗೂ.

ಈ ಓದುಗ ಇಂಗ್ಲಿಷ್ ಪತ್ರಿಕೆಗೆ ಸಿಗುವುದಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಜೊತೆ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾಕ್ಕೆ ಹೋಯಿತು, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಇಂಗ್ಲಿಷಿನಲ್ಲಿ ಷೇರು ವಿನಿಮಯದ ಅನುಪಾತದ ಬಗ್ಗೆ ಪುಟಗಟ್ಟಲೆ ಬಂತು. ನಮಗೆ ಬಂದ ಪತ್ರಗಳಲ್ಲಿ ಇದ್ದದ್ದು ಒಂದೇ: ನನ್ನ ಪಾಸ್‌ಬುಕ್ ಏನಾಗುತ್ತೆ? ಗ್ಯಾಸ್ ಸಬ್ಸಿಡಿ ಬರುವ ಖಾತೆ ನಂಬರ್ ಬದಲಾಗುತ್ತಾ? 2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, 35,000ಕ್ಕಿಂತ ಜಾಸ್ತಿ ತೆಗೆಯುವಂತಿಲ್ಲ ಅಂದಾಗ ನಮ್ಮ ಡೆಸ್ಕಿನ ಫೋನು ವಾರಗಟ್ಟಲೆ ನಿಲ್ಲಲಿಲ್ಲ. ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ಸಿಗುವ ಠೇವಣಿ ವಿಮೆ ಆಗ 1 ಲಕ್ಷಕ್ಕೆ ಮಾತ್ರ ಇತ್ತು. ಮುಂದಿನ ತಿಂಗಳು 5 ಲಕ್ಷಕ್ಕೆ ಏರಿತು. ಆ ವಿಮೆ ಅಂದರೆ ಏನು, ಯಾವಾಗ ಸಿಗುತ್ತದೆ, ಎರಡು ಶಾಖೆಯಲ್ಲಿ ದುಡ್ಡಿದ್ದರೆ ಎರಡು ಸಲ ಸಿಗುತ್ತಾ ಅಂತ ನಾವು ಪ್ರಶ್ನೋತ್ತರದ ಹಾಗೆ ಬರೆದೆವು. (ಸಿಗುವುದಿಲ್ಲ. ಒಂದೇ ಬ್ಯಾಂಕಿನ ಎಲ್ಲ ಶಾಖೆ ಸೇರಿಸಿ ಲೆಕ್ಕ.) ಜನ ಆ ಪುಟ ಕತ್ತರಿಸಿ ಇಟ್ಟುಕೊಂಡರು.

ತೊಂದರೆಗಳನ್ನೂ ಹೇಳಬೇಕು. ಸಂಬಳ ಈ ಎಲ್ಲದರಲ್ಲಿ ಕಡಿಮೆ, ಏರುವುದೂ ನಿಧಾನ. ಪತ್ರಕರ್ತರ ಸಂಬಳ ಎಷ್ಟಿರಬೇಕು ಅಂತ ಹೇಳಲು ಸರ್ಕಾರ ಮಾಡಿದ ವೇತನ ಮಂಡಳಿಯ ಮಾತು ಕೇಳಿರುತ್ತೀರಿ. ಮಜೀಠಿಯಾ ಮಂಡಳಿಯ ಶಿಫಾರಸನ್ನು 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ನಿಜ. ಆದರೆ ಈಗ ಹೊಸಬರಿಗೆ ಸಿಗುವುದು ಹೆಚ್ಚಾಗಿ ಕಾಂಟ್ರಾಕ್ಟ್. ಸ್ವಂತ ವರದಿಗೆ ಹೊರಗೆ ಹೋಗಲು ಸಮಯವೇ ಸಿಗದ ತಿಂಗಳುಗಳಿರುತ್ತವೆ. ಮೂರು ವರ್ಷ ಬರೀ ಪಿಟಿಐ ತಿರುಗಿಸುತ್ತಾ ಕೂತರೆ ಕೈ ಚುರುಕಾಗುತ್ತದೆ, ತಲೆ ಜಡ್ಡುಗಟ್ಟುತ್ತದೆ. ಪೀಣ್ಯದ ಸಣ್ಣ ಕಾರ್ಖಾನೆಗೋ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೋ ವಾರಕ್ಕೊಂದು ದಿನ ಬಿಡುತ್ತೀರಾ ಅಂತ ಸೇರುವ ಮೊದಲೇ ಕೇಳಿ.

ಸುದ್ದಿಸಂಸ್ಥೆ: ನಿದ್ದೆ ಕೊಟ್ಟು ಕಲಿಯುವ ಶಾಲೆ

ಅಮೆರಿಕದ ಕಂಪನಿಗಳ ಸುದ್ದಿಯನ್ನು ಬೆಂಗಳೂರಿನಲ್ಲಿ ಕೂತು ಬರೆಯುತ್ತಾರೆ ಅಂದರೆ ಈಗಲೂ ಕೆಲವರು ನಂಬುವುದಿಲ್ಲ. ಅಂತರರಾಷ್ಟ್ರೀಯ ಸುದ್ದಿಸಂಸ್ಥೆ ರಾಯಿಟರ್ಸ್ 2004ರಲ್ಲೇ ಇದನ್ನು ಶುರು ಮಾಡಿತು. ಆಮೇಲೆ ಈ ಊರಿನ ನೂರಾರು ಹುಡುಗ ಹುಡುಗಿಯರು ಈ ಥರದ ಮೇಜುಗಳಲ್ಲಿ ಪಳಗಿದ್ದಾರೆ. ನಾನು ಇಂಥದ್ದೊಂದು ಸಂಸ್ಥೆಯಲ್ಲಿ ನಾಲ್ಕು ವರ್ಷ ಇದ್ದೆ. ಯಾವುದು ಅಂತ ಬೇಡ.

ಗಡಿಯಾರದ ಲೆಕ್ಕ ಹೀಗೆ. ನ್ಯೂಯಾರ್ಕ್ ಷೇರುಪೇಟೆ ಬೇಸಿಗೆಯಲ್ಲಿ ನಮ್ಮ ಸಂಜೆ 7ಕ್ಕೆ ತೆರೆದು ರಾತ್ರಿ ಒಂದೂವರೆಗೆ ಮುಚ್ಚುತ್ತದೆ. ಅವರು ನವೆಂಬರಿನಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದರೆ ನಮಗೆ ಎಲ್ಲವೂ ಒಂದು ಗಂಟೆ ತಡ. ದೊಡ್ಡ ಕಂಪನಿಗಳು ಫಲಿತಾಂಶ ಕೊಡುವುದು ಹೆಚ್ಚಾಗಿ ಪೇಟೆ ತೆರೆಯುವ ಮೊದಲು ಅಥವಾ ಮುಚ್ಚಿದ ಮೇಲೆ. ಅಂದರೆ ರಾತ್ರಿ 1 ಗಂಟೆ 31 ನಿಮಿಷಕ್ಕೆ, ಊರೆಲ್ಲ ಮಲಗಿದಾಗ, ನಿಮ್ಮ ಮೇಜಿನಲ್ಲಿ ಜಾತ್ರೆ. ಪ್ರೆಸ್ ರಿಲೀಸ್ ಬಂತು, ಕಣ್ಣು ನೇರ ಆದಾಯದ ಸಾಲಿಗೆ, ಆಮೇಲೆ ಪ್ರತಿ ಷೇರಿನ ಗಳಿಕೆಗೆ. ವಿಶ್ಲೇಷಕರ ಅಂದಾಜಿಗಿಂತ ಜಾಸ್ತಿಯಾ ಕಡಿಮೆಯಾ? ಒಂದು ಸಾಲು ಹೋಯಿತು. ಇನ್ನೊಂದು ಸಾಲು ಹೋಯಿತು. ಕೆಲವು ನಿಮಿಷದಲ್ಲಿ ಎರಡು ಪ್ಯಾರಾ. ಆಮೇಲೆ ಪೂರ್ತಿ ಕಾಪಿ. ಅಷ್ಟರಲ್ಲಿ ಮುಂದಿನ ಕಂಪನಿ.

ಸೇರಿದ ಎರಡನೇ ವಾರ ನಾನು ನಷ್ಟವನ್ನು ಲಾಭ ಅಂತ ಕಳಿಸಿದೆ. ಅಮೆರಿಕದ ಲೆಕ್ಕಪತ್ರದಲ್ಲಿ ನಷ್ಟದ ಅಂಕಿಯನ್ನು ಮೈನಸ್ ಬದಲು ಆವರಣದಲ್ಲಿ ಹಾಕುತ್ತಾರೆ. ಆ ಎರಡು ಕಂಸ ನನ್ನ ಕಣ್ಣಿಗೆ ಬೀಳಲಿಲ್ಲ. ನಾಲ್ಕು ನಿಮಿಷದಲ್ಲಿ ತಿದ್ದಿದೆವು. ಪತ್ರಿಕೆಯಾಗಿದ್ದರೆ ಮಾರನೇ ದಿನ ಮೂಲೆಯಲ್ಲಿ ಸಣ್ಣಕ್ಷರದ 'ತಿದ್ದುಪಡಿ' ಬರುತ್ತಿತ್ತು, ಮರೆತೂ ಹೋಗುತ್ತಿತ್ತು. ಇಲ್ಲಿ ಪ್ರತಿ ಕರೆಕ್ಷನ್ ನಿಮ್ಮ ಹೆಸರಿನ ಮುಂದೆ ದಾಖಲಾಗುತ್ತದೆ. ವರ್ಷದ ಕೊನೆಗೆ ಸಂಬಳ ಏರಿಸುವಾಗ ಅದನ್ನೇ ತೆರೆದು ಕೂರುತ್ತಾರೆ.

ಕಠಿಣ ಶಾಲೆ. ಆದರೆ ನಾನು ಕಂಡ ಎಲ್ಲ ಕಡೆಗಿಂತ ಒಳ್ಳೆಯ ಶಾಲೆ ಅದೇ. ಯಾರು ಹೇಳಿದರು ಅನ್ನುವುದಿಲ್ಲದೆ ಒಂದು ವಾಕ್ಯವೂ ಬರೆಯಬಾರದು, 'ಭಾರಿ ಲಾಭ' ಅನ್ನುವ ಬದಲು ಎಷ್ಟು ಅಂತ ಬರೆಯಬೇಕು, ತಾನು ಬರೆಯುವ ಕಂಪನಿಯ ಷೇರು ಮುಟ್ಟಬಾರದು. ಇವೆಲ್ಲ ಅಲ್ಲಿ ಕೈಗೆ ಹತ್ತಿದ ಅಭ್ಯಾಸಗಳು. ಸಂಬಳವೂ ಕನ್ನಡ ಪತ್ರಿಕೆಗಿಂತ ಎಷ್ಟೋ ಜಾಸ್ತಿ, ರಾತ್ರಿ ಮನೆಗೆ ಕ್ಯಾಬ್ ಬೇರೆ.

ಕಳೆದುಕೊಳ್ಳುವುದು ಏನು? ನಿದ್ದೆ ಸರಿಯೇ. ಅದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು. ಓಹಾಯೊದ ಒಂದು ಅಂಗಡಿ ಸರಪಳಿಯ ಬಗ್ಗೆ ನಾನು ನಾಲ್ಕು ವರ್ಷ ಬರೆದೆ. ಅದರ ಒಂದು ಅಂಗಡಿಯನ್ನೂ ಕಣ್ಣಲ್ಲಿ ನೋಡಿಲ್ಲ. ಊರಿಗೆ ಹೋದರೆ ಅಮ್ಮ, "ನಿನ್ನ ಹೆಸರು ಯಾವ ಪೇಪರಲ್ಲಿ ಬರುತ್ತಪ್ಪ?" ಅಂತ ಕೇಳೋರು. ಉತ್ತರ ಇರಲಿಲ್ಲ. ಇನ್ನೊಂದು ವಿಷಯ, ಇದನ್ನು ಈಗ ಸೇರುವವರು ಗಮನಿಸಿ: ಅಂಕಿ ಎತ್ತಿ ಸಾಲು ಬರೆಯುವ ಕೆಲಸವನ್ನು ಯಂತ್ರ ಕಲಿತಾಗಿದೆ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ 2014ರಲ್ಲೇ ಕಂಪನಿ ಫಲಿತಾಂಶದ ಸುದ್ದಿಗಳನ್ನು ಸಾಫ್ಟ್‌ವೇರ್‌ನಿಂದ ಬರೆಸಲು ಶುರು ಮಾಡಿತು. ಹಾಗಾಗಿ ಸಂದರ್ಶನದಲ್ಲಿ ಕೇಳಿ, ಮೊದಲ ವರ್ಷ ನಾನು ಬರೀ ಫ್ಲ್ಯಾಶ್ ಮಾಡಬೇಕಾ, ಅಥವಾ ಫೋನ್ ಮಾಡಿ ಸುದ್ದಿ ತರುವ ಕೆಲಸವೂ ಇದೆಯಾ? ಬರೀ ಫ್ಲ್ಯಾಶ್ ಅಂದರೆ ಎರಡು ವರ್ಷಕ್ಕಿಂತ ಜಾಸ್ತಿ ಇರಬೇಡಿ. ಕಲಿಯುವುದು ಅಷ್ಟರಲ್ಲಿ ಮುಗಿದಿರುತ್ತದೆ.

ಇಂಗ್ಲಿಷ್ ಬಿಸಿನೆಸ್ ಪತ್ರಿಕೆ

ಎಕನಾಮಿಕ್ ಟೈಮ್ಸ್, ಫೈನಾನ್ಷಿಯಲ್ ಎಕ್ಸ್‌ಪ್ರೆಸ್ ಎರಡೂ 1961ರವು. ಬಿಸಿನೆಸ್ ಸ್ಟ್ಯಾಂಡರ್ಡ್ 1975ರದ್ದು, ಬಿಸಿನೆಸ್‌ಲೈನ್ 1994ರದ್ದು, ಮಿಂಟ್ 2007ರದ್ದು. ಅಕ್ಕನ ಮಗಳ ಮೊಬೈಲಿನಲ್ಲಿ ಇವುಗಳದ್ದು ಯಾವುದೂ ಇರಲಿಲ್ಲ, ಆದರೆ ಈ ಕಸುಬಿಗೆ ಬರುವ ಎಲ್ಲರ ಕಣ್ಣೂ ಒಮ್ಮೆ ಇಲ್ಲಿಗೆ ಹೋಗುತ್ತದೆ.

ಇಲ್ಲಿ ಪತ್ರಿಕೆಗಿಂತ ಊರು ಮುಖ್ಯ. ಬ್ಯಾಂಕು, ಷೇರುಪೇಟೆ, ಅದರ ನಿಯಂತ್ರಕ ಸೆಬಿ ಬೇಕಾದರೆ ಮುಂಬೈಗೆ ಹೋಗಬೇಕು. ತೆರಿಗೆ, ಸಚಿವಾಲಯ ಬೇಕಾದರೆ ದೆಹಲಿಗೆ. ಬೆಂಗಳೂರಿನಲ್ಲಿ ಕೂತರೆ ಸಿಗುವುದು ಐಟಿ ಮತ್ತು ಸ್ಟಾರ್ಟಪ್, ಸ್ವಲ್ಪ ರಿಯಲ್ ಎಸ್ಟೇಟ್. ಬೀಟ್, ಅಂದರೆ ವರದಿ ಮಾಡುವ ಕ್ಷೇತ್ರ, ಒಂದೇ ಇರುವುದರಿಂದ ಆಳಕ್ಕೆ ಇಳಿಯಬಹುದು. ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲ್‌ನಲ್ಲಿ ನೂರು ರೂಪಾಯಿ ಕಟ್ಟಿದರೆ ಒಂದು ಕಂಪನಿ ಸಲ್ಲಿಸಿದ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು. ಸ್ಟಾರ್ಟಪ್ ಒಂದು 'ಲಾಭದತ್ತ ಸಾಗುತ್ತಿದ್ದೇವೆ' ಅಂತ ವೇದಿಕೆಯಲ್ಲಿ ಹೇಳಿದ ವಾರವೇ ಅದರ ನಷ್ಟ ದುಪ್ಪಟ್ಟಾದ ಕಾಗದ ಅಲ್ಲಿ ಬಿದ್ದಿರುತ್ತದೆ. ಅದನ್ನು ಓದುವ ತಾಳ್ಮೆ ಇದ್ದರೆ ಈ ಕೆಲಸ ನಿಮ್ಮದು.

ಒಂದು ಬದಲಾವಣೆ ಈಚೆಗೆ ಆಗಿದೆ. 2024ರ ಜೂನ್‌ನಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳು, ಡಿಸೆಂಬರ್‌ನಿಂದ ಮೊದಲ 250 ಕಂಪನಿಗಳು, ಮಾಧ್ಯಮದಲ್ಲಿ ಬಂದ ಸುದ್ದಿಯಿಂದ ಷೇರು ಬೆಲೆ ಗಣನೀಯವಾಗಿ ಅಲುಗಾಡಿದರೆ 24 ಗಂಟೆಯೊಳಗೆ ಹೌದು ಅಥವಾ ಅಲ್ಲ ಅನ್ನಬೇಕು ಅಂತ ಸೆಬಿ ನಿಯಮ ತಂದಿತು. ಮುಂಚೆ 'ಮೂಲಗಳ ಪ್ರಕಾರ' ಅಂತ ಗಾಳಿಗೆ ಗುಂಡು ಹೊಡೆದು ಸುಮ್ನೆ ಇರಬಹುದಿತ್ತು. ಈಗ ಮಾರನೇ ದಿನವೇ ಬಣ್ಣ ಬಯಲು. ಒಳ್ಳೆಯ ವರದಿಗಾರರಿಗೆ ಇದು ಲಾಭವೇ.

ದೊಡ್ಡ ಸುದ್ದಿ ಬೇಕಾದರೆ ಬಿಸಿನೆಸ್ ಪತ್ರಿಕೆಗೇ ಹೋಗಬೇಕು ಅಂತ ಮಾತ್ರ ಅಂದುಕೊಳ್ಳಬೇಡಿ. ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಹಗರಣವನ್ನು 1992ರ ಏಪ್ರಿಲ್ 23ರಂದು ಸುಚೇತಾ ದಲಾಲ್ ಬಯಲಿಗೆ ತಂದದ್ದು ಟೈಮ್ಸ್ ಆಫ್ ಇಂಡಿಯಾದಲ್ಲಿ. ಅದು ಎಲ್ಲರೂ ಓದುವ ಮಾಮೂಲಿ ದಿನಪತ್ರಿಕೆ.

ವೆಬ್‌ಸೈಟು: ಸಂಬಳ ಯಾರ ದುಡ್ಡು?

ಇಲ್ಲಿ ಎರಡು ಥರ. ಓದುಗರಿಂದ ಚಂದಾ ತೆಗೆದುಕೊಂಡು ನಡೆಯುವುದು ಒಂದು. ಬೆಂಗಳೂರಿನಲ್ಲಿ 2016ರಲ್ಲಿ ಶುರುವಾದ ದಿ ಕೆನ್ ಇದಕ್ಕೆ ಉದಾಹರಣೆ. ದಿನಕ್ಕೆ ಒಂದೇ ಉದ್ದದ ವರದಿ ಅನ್ನುವ ಲೆಕ್ಕದಲ್ಲಿ ಹೊರಟಿತು. ಇಂಥ ಕಡೆ ಒಂದು ವರದಿಗೆ ವಾರಗಟ್ಟಲೆ ಸಮಯ ಸಿಗುತ್ತದೆ. ಹೊಸಬರನ್ನು ತೆಗೆದುಕೊಳ್ಳುವುದು ಕಡಿಮೆ.

ಇನ್ನೊಂದು ಥರ, ಕ್ಲಿಕ್ಕು ಮತ್ತು ಪ್ರಾಯೋಜಿತ ಬರಹದಿಂದ ನಡೆಯುವುದು. ದಿನಕ್ಕೆ ಆರೇಳು ಸುದ್ದಿ ಹಾಕಬೇಕು. ಹೆಚ್ಚಿನವು 'ಇಂಥ ಕಂಪನಿಗೆ ಇಷ್ಟು ಕೋಟಿ ಹೂಡಿಕೆ ಬಂತು' ಅನ್ನುವವು. ನನ್ನ ಗೆಳೆಯನೊಬ್ಬ ಇಂಥ ಒಂದು ಕಡೆ ಇದ್ದ. ಬೆಳಿಗ್ಗೆ ಒಂದು ಸ್ಟಾರ್ಟಪ್‌ನ ನಷ್ಟದ ಬಗ್ಗೆ ಬರೆದ. ಸಂಜೆ ಅದೇ ಸ್ಟಾರ್ಟಪ್‌ನ ಸಂಸ್ಥಾಪಕರ 'ಸ್ಫೂರ್ತಿದಾಯಕ ಪಯಣ' ಬರೆಯಲು ಹೇಳಿದರು, ಅದಕ್ಕೆ ದುಡ್ಡು ಬಂದಿತ್ತು. ಬೆಳಗಿನ ಸುದ್ದಿ ರಾತ್ರಿಯೊಳಗೆ ಮಾಯ. ಎಲ್ಲ ವೆಬ್‌ಸೈಟೂ ಹೀಗೆ ಅಂತ ಹೇಳುತ್ತಿಲ್ಲ. ಆದರೆ 'ಬ್ರ್ಯಾಂಡ್ ಕಂಟೆಂಟ್' ಬರೆಯುವವರು ಯಾರು, ವರದಿಗಾರರೇನಾ ಬೇರೆ ತಂಡವಾ ಅಂತ ಕೇಳಿದಾಗ ಅವರು ತಡವರಿಸಿದರೆ ಉತ್ತರ ಸಿಕ್ಕಿತು ಅಂದುಕೊಳ್ಳಿ.

ಕನ್ನಡದಲ್ಲಿ ಸ್ವಂತ ಯೂಟ್ಯೂಬ್ ಚಾನೆಲ್ ಮಾಡುತ್ತೇನೆ ಅನ್ನುವವರಿಗೆ ಒಂದು ಎಚ್ಚರಿಕೆ. ಯಾವ ಷೇರು ಕೊಳ್ಳಿ, ಮಾರಿ ಅಂತ ಹೇಳಲು ಸೆಬಿ ನೋಂದಣಿ ಬೇಕು. 'ನಾವು ಬರೀ ಪಾಠ ಮಾಡ್ತೀವಿ' ಅನ್ನುವವರೂ ಕಳೆದ ಮೂರು ತಿಂಗಳೊಳಗಿನ ಷೇರು ಬೆಲೆ ಇಟ್ಟುಕೊಂಡು ಮಾತಾಡುವಂತಿಲ್ಲ ಅಂತ ಸೆಬಿಯ 2025ರ ಜನವರಿ ಸುತ್ತೋಲೆ ಹೇಳಿತ್ತು.

ಟಿವಿ, ಪಿಆರ್: ಎರಡೇ ಮಾತು

ಕನ್ನಡ ಸುದ್ದಿ ವಾಹಿನಿಗಳಲ್ಲಿ ವ್ಯಾಪಾರ ಅಂದರೆ ಬಜೆಟ್ ದಿನ ಮತ್ತು ಚಿನ್ನದ ರೇಟು. ಅದಕ್ಕೆ ಅಂತ ಯಾರೂ ಸೇರಬೇಕಾಗಿಲ್ಲ. ಇಂಗ್ಲಿಷ್, ಹಿಂದಿ ವ್ಯಾಪಾರ ವಾಹಿನಿಗಳು ಮುಂಬೈ, ದೆಹಲಿ ಕಡೆ. ಮುಖ ಗುರುತಿಸುತ್ತಾರೆ, ಸಂಬಳ ಇದೆ, ಜೊತೆಗೆ ಬಲೆಯೂ ಇದೆ. 2021ರಲ್ಲಿ ಒಂದು ಹಿಂದಿ ವ್ಯಾಪಾರ ವಾಹಿನಿಯ ನಿರೂಪಕರೊಬ್ಬರ ಮೇಲೆ ಸೆಬಿ ಆದೇಶ ಹೊರಡಿಸಿತು. ಕಾರ್ಯಕ್ರಮದಲ್ಲಿ ಹೇಳಲಿದ್ದ ಷೇರುಗಳನ್ನು ಮನೆಯವರ ಖಾತೆಯಲ್ಲಿ ಮೊದಲೇ ಕೊಂಡು ಮಾರಲಾಗಿದೆ ಅನ್ನುವುದು ಆರೋಪ.

ಪಿಆರ್ (ಕಂಪನಿಗಳ ಪರವಾಗಿ ಪ್ರಚಾರ ನೋಡಿಕೊಳ್ಳುವ ಕೆಲಸ) ಅಥವಾ ಕಂಪನಿಯ ಕಮ್ಯುನಿಕೇಷನ್ ವಿಭಾಗ ಪತ್ರಿಕೋದ್ಯಮ ಅಲ್ಲ. ಆದರೆ ನಲವತ್ತರ ಹೊತ್ತಿಗೆ ಅರ್ಧ ಜನ ಅಲ್ಲಿಗೆ ಹೋಗುವುದರಿಂದ ಹೇಳುತ್ತಿದ್ದೇನೆ. ಸಂಬಳ ಜಾಸ್ತಿ, ಭಾನುವಾರ ರಜೆ, ಮಕ್ಕಳ ಸ್ಕೂಲ್ ಡೇಗೆ ಹೋಗಬಹುದು. ಹೋದವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಇಪ್ಪತ್ತೆರಡಕ್ಕೇ ಹೋಗಬೇಡಿ, ಅಷ್ಟೇ. ಸುದ್ದಿ ಅಂದರೆ ಏನು ಅಂತ ಗೊತ್ತಿಲ್ಲದೆ ಸುದ್ದಿ ತಡೆಯುವ ಕೆಲಸವನ್ನೂ ಸರಿಯಾಗಿ ಮಾಡಲು ಬರುವುದಿಲ್ಲ.

ಸಹಿ ಹಾಕುವ ಮೊದಲು

ಎಲ್ಲಿಗೆ ಹೋದರೂ ಬೇಕಾಗುವುದು ಬ್ಯಾಲೆನ್ಸ್ ಶೀಟ್ ಓದುವ ಕಣ್ಣು. ಲಾಭದ ಸಾಲು ಎಲ್ಲರೂ ಓದುತ್ತಾರೆ. ನೀವು ನಗದು ಎಲ್ಲಿದೆ ಅಂತ ನೋಡಿ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಠೇವಣಿಯಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ ಅಂತ ಒಪ್ಪಿಕೊಂಡರು. ಅಲ್ಲಿಯವರೆಗೆ ಎಷ್ಟು ಮಂದಿ ಆ ಕಂಪನಿಯ ಫಲಿತಾಂಶ ಬರೆದಿದ್ದೆವು! ಬಿ.ಕಾಂ ಆಗಿದ್ದರೆ ಅರ್ಧ ದಾರಿ ಬಂದ ಹಾಗೆ. ಆಗಿಲ್ಲದಿದ್ದರೆ ನಿಮಗೆ ಗೊತ್ತಿರುವ ಒಂದೇ ಕಂಪನಿಯ ಮೂರು ವರ್ಷದ ವಾರ್ಷಿಕ ವರದಿ ಇಳಿಸಿಕೊಂಡು ಹಿಂದಿನಿಂದ ಓದಿ, ಲೆಕ್ಕಪರಿಶೋಧಕರ ಟಿಪ್ಪಣಿಯಿಂದ ಶುರು ಮಾಡಿ. ಮುಂದಿನ ಬಣ್ಣದ ಪುಟಗಳು ಫೋಟೊ ನೋಡಲಿಕ್ಕೆ. ಪುರುಸೊತ್ತಿದ್ದರೆ ಸೆಬಿಯೇ ಕಟ್ಟಿದ ಷೇರುಪೇಟೆ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನ ಒಂದು ಪರೀಕ್ಷೆ ಬರೆಯಿರಿ, ಅದರ ಪಠ್ಯಪುಸ್ತಕ ಚೆನ್ನಾಗಿದೆ.

ಆಫರ್ ಲೆಟರಿನಲ್ಲಿ ಸಂಬಳದ ಕೆಳಗಿನದ್ದನ್ನೂ ಓದಿ. ಕಾಂಟ್ರಾಕ್ಟ್ ಎಷ್ಟು ವರ್ಷ, ನೋಟಿಸ್ ಅವಧಿ ಎಷ್ಟು, ರಾತ್ರಿ ಪಾಳಿಗೆ ಭತ್ಯೆ ಇದೆಯಾ, ಷೇರು ಕೊಳ್ಳುವ ಬಗ್ಗೆ ನಿಯಮ ಏನು. ಕೊನೆಯದು ಬರೆದೇ ಇಲ್ಲದ ಕಡೆ ನನಗೆ ಅನುಮಾನ ಬರುತ್ತದೆ.

ಅಕ್ಕನ ಮಗಳಿಗೆ ನಾನು ಹೇಳಿದ್ದು: ಎರಡು ವರ್ಷ ಸುದ್ದಿಸಂಸ್ಥೆ, ಆಮೇಲೆ ಕನ್ನಡ. ಮೊದಲು ಕೈ ಪಳಗಲಿ, ಓದುಗ ಆಮೇಲೆ ಸಿಗುತ್ತಾನೆ. ಸಂಬಳವೂ ಅಲ್ಲೇ ಜಾಸ್ತಿ ಇದ್ದದ್ದರಿಂದ ಭಾವನಿಗೂ ಖುಷಿಯಾಯಿತು. ಅವಳು ಎಲ್ಲ ಕೇಳಿಸಿಕೊಂಡಳು. ವೆಬ್‌ಸೈಟಿನವರಿಗೆ ಫೋನ್ ಮಾಡಿ ಬ್ರ್ಯಾಂಡ್ ಕಂಟೆಂಟ್ ಯಾರು ಬರೀತಾರೆ ಅಂತ ಕೇಳಿದಳು. "ವಾರಕ್ಕೆ ಎರಡೇ, ಜಾಸ್ತಿ ಇರಲ್ಲ" ಅಂದರಂತೆ. ಅದನ್ನು ಬಿಟ್ಟಳು. ಆಮೇಲೆ ನನ್ನ ಮಾತನ್ನೂ ಬಿಟ್ಟು ಸೀದಾ ಕನ್ನಡ ಪತ್ರಿಕೆಗೆ ಸೇರಿದಳು. ಯಾಕೆ ಅಂತ ಕೇಳಿದರೆ, "ಅಜ್ಜ ಮೆಕ್ಕೆಜೋಳದ ರೇಟು ಓದೋದು ಕನ್ನಡದಲ್ಲೇ ಅಲ್ವಾ ಮಾವ" ಅಂದಳು. ಭಾವ ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

ಹೋದ ವಾರ ರಾತ್ರಿ ಒಂಬತ್ತೂಕಾಲಿಗೆ, ಪುಟ ಬಿಡುವ ಹೊತ್ತಿನಲ್ಲಿ, ಅವಳ ಮೆಸೇಜ್ ಬಂತು: "ಮಾವ, ಅರ್ಜೆಂಟ್. 1 ಬಿಲಿಯನ್ ಅಂದ್ರೆ 100 ಕೋಟಿ ತಾನೆ?" ನಾನು ಕನ್ನಡಕ ಹುಡುಕಿ ಉತ್ತರ ಟೈಪ್ ಮಾಡುವಷ್ಟರಲ್ಲಿ ಇನ್ನೊಂದು ಬಂತು: "ಬಿಡಿ ಮಾವ. ಇಲ್ಲೂ ಯಾರೋ ಮಾನಿಟರಿಗೆ ಅಂಟಿಸಿದ್ದಾರೆ."